ಸಾಲ್ಮನ್ ಮೀನು, ಎರಡು ಕೋನ್ ಐಸ್‌ಕ್ರೀಮು ಮತ್ತು ಉಂಬರ್ತೋ ಎಕೋ

ಒಂದು ಮೀನು ಕೆಟ್ಟುಹೋದ ಕತೆಯನ್ನು ನಾಲ್ಕಾರು ಪುಟದಲ್ಲಿ ಹೇಳಿ ಬಸ್ಸಿನಲ್ಲಿ ಪಕ್ಕ ಕೂತವರು ತಿರುಗಿ ನೋಡುವಷ್ಟು ನಗಿಸಿದ ಪುಸ್ತಕ ಇದು. ಹೆಸರು ‘ಹೌ ಟು ಟ್ರಾವೆಲ್ ವಿತ್ ಎ ಸಾಲ್ಮನ್’. ಬರೆದವರು ಇಟಲಿಯ ಉಂಬರ್ತೋ ಎಕೋ. ಹೌದು, ‘ದಿ ನೇಮ್ ಆಫ್ ದಿ ರೋಸ್’ ಕಾದಂಬರಿಯ ಅದೇ ಎಕೋ. ಆ ಕಾದಂಬರಿಯ ಮೊದಲ ನೂರು ಪುಟ ದಾಟಲಾಗದೆ ಪಕ್ಕಕ್ಕಿಟ್ಟ ಸ್ನೇಹಿತರು ನನಗೆ ಬೇಕಾದಷ್ಟಿದ್ದಾರೆ. ಅವರಿಗೇ ಮೊದಲು ಈ ಪುಸ್ತಕ ಕೊಡುವುದು ನಾನು.

2016ರಲ್ಲಿ ತೀರಿಕೊಂಡ ಎಕೋ ದೊಡ್ಡ ವಿದ್ವಾಂಸರು, ಬೊಲೋನ್ಯಾ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾಗಿದ್ದವರು. ಕಾದಂಬರಿ ಬಂದದ್ದು 1980ರಲ್ಲಿ. ಪತ್ರಿಕೆಗೆ ಬರೆಯುವ ಅಭ್ಯಾಸ ಅದಕ್ಕಿಂತ ಹಳೆಯದು. 1959ರಲ್ಲೇ ‘ಇಲ್ ವೆರ್ರಿ’ ಎಂಬ ಸಾಹಿತ್ಯ ಪತ್ರಿಕೆಯಲ್ಲಿ ‘ದಿಯಾರಿಯೋ ಮಿನಿಮೋ’ ಅಂತ, ಅಂದರೆ ಪುಟ್ಟ ದಿನಚರಿ ಅಂತ, ಅಂಕಣ ಶುರುಮಾಡಿದ್ದರು. 1985ರಿಂದ ‘ಲೆಸ್ಪ್ರೆಸ್ಸೋ’ ವಾರಪತ್ರಿಕೆಯಲ್ಲಿ ಇನ್ನೊಂದು. ಅದಕ್ಕೆ ಇಟ್ಟ ಹೆಸರು ಮಿನೆರ್ವಾ ಬೆಂಕಿಕಡ್ಡಿ ಪೊಟ್ಟಣದ್ದು. ಆ ಪುಟ್ಟ ರಟ್ಟಿನ ಒಳಮೈಯಲ್ಲಿ ತಲೆಗೆ ಬಂದದ್ದನ್ನು ಗೀಚಿಕೊಳ್ಳಬಹುದು, ಅಲ್ವಾ? ಅಂಕಣದ ಅಳತೆಯೂ ಅಷ್ಟೇ. ಇಂಥ ಹಲವು ಬರಹಗಳು 1992ರಲ್ಲಿ ಇಟಾಲಿಯನ್‌ನಲ್ಲಿ ಪುಸ್ತಕವಾದವು. ನಾವು ಓದುವ ಇಂಗ್ಲಿಷ್ ಅನುವಾದ ವಿಲಿಯಂ ವೀವರ್ ಅವರದು. ಕಾದಂಬರಿಯನ್ನು ಇಂಗ್ಲಿಷಿಗೆ ತಂದವರೂ ಅವರೇ.

ಈಗ ಮೀನಿನ ವಿಷಯ. ಎಕೋ ಸ್ಟಾಕ್‌ಹೋಮ್‌ನಲ್ಲಿ ಹೊಗೆಯಲ್ಲಿ ಹದಮಾಡಿದ ಒಂದು ದೊಡ್ಡ ಸಾಲ್ಮನ್ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುತ್ತಾರೆ. ತಣ್ಣಗಿಡಬೇಕು ಅಂತ ಅಂಗಡಿಯವರು ಹೇಳಿ ಕಳಿಸಿದ್ದಾರೆ. ಅಲ್ಲಿಂದ ಲಂಡನ್. ಹೋಟೆಲ್ ರೂಮಿನಲ್ಲಿ ಪುಟ್ಟ ಫ್ರಿಜ್ ಇದೆ, ಆದರೆ ತುಂಬ ಬಾಟಲಿಗಳು. ಎಲ್ಲವನ್ನೂ ತೆಗೆದು ಮೇಜಿನ ಡ್ರಾಯರ್‌ಗೆ ತುಂಬಿ ಮೀನನ್ನು ಒಳಗಿಡುತ್ತಾರೆ. ಮಾರನೇ ದಿನ ಬಂದು ನೋಡಿದರೆ ಮೀನು ಮೇಜಿನ ಮೇಲೆ, ಫ್ರಿಜ್ಜಿನ ತುಂಬ ಹೊಸ ಬಾಟಲಿಗಳು. ಹಳೆಯವು ಡ್ರಾಯರ್‌ನಲ್ಲಿ ಹಾಗೇ ಇವೆ! ಕೆಳಗೆ ಫೋನ್ ಮಾಡಿ ಹೇಳಿದರೆ, ಬಾಯಿಮಾತು ನಡೆಯುವುದಿಲ್ಲ, ಎಲ್ಲ ಕಂಪ್ಯೂಟರಿಗೆ ಹೋಗಬೇಕು ಎನ್ನುತ್ತಾರೆ. ಆ ಕಂಪ್ಯೂಟರೋ ಹಿಂದಿನ ದಿನವಷ್ಟೇ ಬಂದದ್ದು, ಬಂದ ಕೂಡಲೇ ಕೆಟ್ಟದ್ದು. ಇನ್ನೊಂದು ಡ್ರಾಯರ್ ತುಂಬುತ್ತದೆ. ಮರುದಿನ ಮೀನು ಮತ್ತೆ ಮೇಜಿನ ಮೇಲೆ, ಈ ಸಲ ವಾಸನೆ ಸಮೇತ. ಕೊನೆಗೆ ಬಂದ ಬಿಲ್ಲಿನ ಪ್ರಕಾರ ಈ ಮನುಷ್ಯ ಎರಡೂವರೆ ದಿನದಲ್ಲಿ ಕುಡಿದ ಷಾಂಪೇನ್, ವಿಸ್ಕಿ, ಜಿನ್ನು ಎಲ್ಲ ಲೀಟರುಗಟ್ಟಲೆ. ಬಿಲ್ ಕಟ್ಟಬೇಕಾದ ಪ್ರಕಾಶಕರು ಸಿಟ್ಟಾಗುತ್ತಾರೆ. ಮೀನು ತಿನ್ನಲಿಕ್ಕಿಲ್ಲ. ಮನೆಗೆ ಬಂದರೆ ಮಕ್ಕಳು, ಅಪ್ಪಾ ಕುಡಿಯೋದು ಕಡಿಮೆ ಮಾಡಿ ಅಂತ ಹಿಡಿದುಕೊಳ್ಳುತ್ತಾರೆ.

ಇದರಲ್ಲಿ ಯಾರೂ ಕೆಟ್ಟವರಲ್ಲ, ನೋಡಿ. ಎಲ್ಲರೂ ತಮ್ಮ ಕೆಲಸ ಸರಿಯಾಗೇ ಮಾಡುತ್ತಿದ್ದಾರೆ, ಎದುರಿಗೆ ನಿಂತ ಮನುಷ್ಯನ ಮಾತು ಕೇಳಿಸಿಕೊಳ್ಳುವುದೊಂದು ಬಿಟ್ಟು. ನನಗೆ ಈ ಪುಸ್ತಕ ಇಷ್ಟವಾಗಿದ್ದು ಅದಕ್ಕೇ. ಎಕೋ ಸಣ್ಣ ತೊಂದರೆಯನ್ನು ಸಣ್ಣದು ಅಂತ ಬಿಡುವುದಿಲ್ಲ. ವಿಮಾನದ ಊಟದ ಬಟಾಣಿ, ಹಾಸಿಗೆಯ ಮೇಲೆಲ್ಲ ಕಾಫಿ ಚೆಲ್ಲುವ ಹೋಟೆಲಿನ ಕಾಫಿ ಜಗ್ಗು, ಹೀಗೆ ಒಂದೊಂದನ್ನೂ ಹಳೆಯ ತಾಳೆಗರಿ ಓದುವ ಪಂಡಿತರಷ್ಟೇ ಶ್ರದ್ಧೆಯಿಂದ ನೋಡುತ್ತಾರೆ. ನಮ್ಮ ಹರಟೆಯ ಬಳಗಕ್ಕೆ ಸೇರಿದ ಬರವಣಿಗೆ ಅನ್ನಿಸುತ್ತದೆ. ಆದರೆ ಹರಟೆಗಿಂತ ಒಂದು ಹಿಡಿ ಸಿಟ್ಟು ಜಾಸ್ತಿ.

ಒಂದು ಮಾತು ಹೇಳಲೇಬೇಕು. ಆ ಲಂಡನ್ ಹೋಟೆಲಿನ ಕೆಲಸದವರು ಬಹುತೇಕ ಭಾರತೀಯರು, ಅವರಲ್ಲಿ ಹೆಚ್ಚಿನವರಿಗೆ ಇಂಗ್ಲಿಷ್ ಬರುವುದಿಲ್ಲ ಎಂಬಂತೆ ಎಕೋ ಬರೆಯುತ್ತಾರೆ. ಅಲ್ಲಿ ನನಗೆ ನಗು ಬರಲಿಲ್ಲ. ಹೊರದೇಶದಲ್ಲಿ ಹೋಟೆಲ್ ರೂಮು ಗುಡಿಸಿ ಮನೆಗೆ ದುಡ್ಡು ಕಳಿಸಿದವರು ನನ್ನ ನೆಂಟರಲ್ಲೂ ಇದ್ದಾರೆ. ಅವರ ಕಡೆಯಿಂದ ಈ ಕತೆ ಬೇರೆಯೇ ಇರುತ್ತದೆ.

ಡ್ರೈವಿಂಗ್ ಲೈಸೆನ್ಸಿನ ಬರಹ ಮಾತ್ರ ನೇರ ನಮ್ಮೂರಿನದು! ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಎಕೋ ಪರ್ಸ್ ಕಳೆದುಕೊಳ್ಳುತ್ತಾರೆ. ಕ್ರೆಡಿಟ್ ಕಾರ್ಡುಗಳು ಬೇಗ ಬರುತ್ತವೆ. ಇಟಲಿಯ ಲೈಸೆನ್ಸ್ ಮಾತ್ರ ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಅಲೆಸುತ್ತದೆ. ನನ್ನ ಲೈಸೆನ್ಸ್ ಕಳೆದಾಗ ಒಂದೇ ಫಾರಂ ಮೂರು ಸಲ ತುಂಬಿದ್ದೆ, ಮೂರನೇ ಸಲ ಕೌಂಟರಿನಲ್ಲಿದ್ದವರು ಮೊದಲ ಫಾರಂ ಸಾಕಿತ್ತಲ್ಲ ಅಂದಿದ್ದರು. ಆ ದಿನದ ಉರಿ ಈ ಬರಹ ಓದಿದಾಗ ಸ್ವಲ್ಪ ಇಳಿಯಿತು.

ಮೊಬೈಲ್ ಬಗ್ಗೆ ಬರೆದದ್ದು 1991ರಲ್ಲಿ. ನಮ್ಮಲ್ಲಿ ಆಗಿನ್ನೂ ಮೊಬೈಲ್ ಬಂದೇ ಇರಲಿಲ್ಲ. ಯಾರಿಗೆ ಮೊಬೈಲ್ ನಿಜವಾಗಿ ಬೇಕು ಅಂತ ಲೆಕ್ಕ ಹಾಕುತ್ತಾರೆ: ಅಂಗವಿಕಲರಿಗೆ, ತುರ್ತಾಗಿ ಓಡಬೇಕಾದ ಡಾಕ್ಟರಿಗೆ, ಅಗ್ನಿಶಾಮಕದವರಿಗೆ, ಗುಟ್ಟಾಗಿ ಪ್ರೀತಿ ನಡೆಸುವವರಿಗೆ. ಟ್ರೈನಿನಲ್ಲಿ ಎಲ್ಲರಿಗೂ ಕೇಳುವಂತೆ ವ್ಯವಹಾರ ಮಾತಾಡುವವರು ತಾವು ದೊಡ್ಡವರು ಅಂತ ತೋರಿಸಿಕೊಳ್ಳುತ್ತಾರೆ, ಆದರೆ ನಿಜವಾದ ದೊಡ್ಡವರಿಗೆ ಫೋನ್ ಎತ್ತಲು ಬೇರೆ ಜನ ಇರುತ್ತಾರೆ ಎನ್ನುತ್ತಾರೆ. ಇವತ್ತಿಗೂ ಹೊಂದುತ್ತೆ.

ಮನೆಗೆ ಬಂದವರು ‘ಇಷ್ಟೂ ಪುಸ್ತಕ ಓದಿದ್ದೀರಾ?’ ಅಂತ ಕೇಳುತ್ತಾರಲ್ಲ, ಅದಕ್ಕೂ ಇಲ್ಲಿ ಉತ್ತರವಿದೆ. ಮಿಲಾನ್ ಮನೆಯಲ್ಲಿ ಸುಮಾರು 30,000 ಪುಸ್ತಕ ಇಟ್ಟುಕೊಂಡಿದ್ದ ಮನುಷ್ಯ ಇವರು. ಇಲ್ಲ, ಇವು ಈ ತಿಂಗಳೊಳಗೆ ಓದಬೇಕಾದವು, ಓದಿದ್ದೆಲ್ಲ ಆಫೀಸಿನಲ್ಲಿದೆ ಎಂಬ ಅರ್ಥದ ಉತ್ತರ ಅವರದು. ನಾನು ಗ್ಯಾಸ್ ಸಿಲಿಂಡರ್ ತಂದವರಿಗೆ ಒಮ್ಮೆ ಹೇಳಿ ನೋಡಿದೆ. ಅವರು ಆಫೀಸ್ ಎಲ್ಲಿ ಅಂತ ವಿಚಾರಿಸಿದರು.

ಎಲ್ಲವೂ ಹೀಗೇ ಇಲ್ಲ. ಸಾಮ್ರಾಜ್ಯದಷ್ಟೇ ದೊಡ್ಡದಾದ ನಕ್ಷೆ ಬರೆಯುವುದು ಹೇಗೆ ಎಂಬಂಥ ಅಣಕದ ಬರಹಗಳು ಉದ್ದ. ತರ್ಕ ಇಷ್ಟಪಡುವವರಿಗೆ ಹಬ್ಬ, ನನಗೆ ಅರ್ಧಕ್ಕೆ ಸುಸ್ತಾಯಿತು. ಆಗಿನ ಇಟಲಿಯ ಟಿವಿ, ರಾಜಕಾರಣ ಗೊತ್ತಿಲ್ಲದೆ ಕೆಲವು ಚುಚ್ಚುಮಾತು ಹತ್ತುವುದೂ ಇಲ್ಲ. ಸುಮ್ನೆ ದಾಟಿಸಿಕೊಂಡು ಹೋಗಿ.

ಐಸ್‌ಕ್ರೀಮಿನ ಬರಹಕ್ಕೆ ಮಾತ್ರ ನಿಲ್ಲಿ. ಎಕೋ ಚಿಕ್ಕವರಿದ್ದಾಗ ಗಾಡಿಯಲ್ಲಿ ಎರಡು ಕಾಸಿನ ಕೋನ್ ಬರುತ್ತಿತ್ತು, ನಾಲ್ಕು ಕಾಸಿನ ದೊಡ್ಡ ಐಸ್‌ಕ್ರೀಮೂ ಬರುತ್ತಿತ್ತು. ಕೆಲವು ಮಕ್ಕಳು ಎರಡು ಕೈಯಲ್ಲೂ ಒಂದೊಂದು ಸಣ್ಣ ಕೋನ್ ಹಿಡಿದು ಇದನ್ನೊಮ್ಮೆ ಅದನ್ನೊಮ್ಮೆ ನೆಕ್ಕುತ್ತ ಬರುವುದನ್ನು ಕಂಡು ತನಗೂ ಹಾಗೇ ಬೇಕು ಅಂತ ಹಟ. ಅಪ್ಪ ಅಮ್ಮ ನಾಲ್ಕು ಕಾಸಿನದು ಬೇಕಾದರೆ ಕೊಡಿಸುತ್ತೇವೆ, ಎರಡರದ್ದು ಎರಡು ಇಲ್ಲವೇ ಇಲ್ಲ ಎನ್ನುತ್ತಾರೆ. ಖರ್ಚು ಒಂದೇ, ಆದರೂ ಬೇಡ. ದೊಡ್ಡವರಾದ ಮೇಲೆ ಎಕೋಗೆ ಆ ‘ಬೇಡ’ದ ಬೆಲೆ ಗೊತ್ತಾಗುತ್ತದೆ. ಬೇಕಿಲ್ಲದ ಹತ್ತು ಸೌಲಭ್ಯ ತೋರಿಸಿ ಮಾರುವ ಈಗಿನ ಕಾರುಗಳ ಪಕ್ಕದಲ್ಲಿ ಹಳೇ ಫಿಯಟ್ 500 ಅನ್ನು ನೆನೆಸಿಕೊಳ್ಳುತ್ತಾರೆ. ಜಾತ್ರೆಯಲ್ಲಿ ನಾನು ಎರಡು ಬಲೂನು ಕೇಳಿದಾಗ ನಮ್ಮಮ್ಮ ‘ಒಂದು ಒಡೆದ ಮೇಲೆ ಇನ್ನೊಂದು’ ಅಂದಿದ್ದರು. ಆಗ ಅತ್ತಿದ್ದೆ. ಈ ಮೂರು ಪುಟ ಓದಿದ ರಾತ್ರಿ ಅಮ್ಮನಿಗೆ ಫೋನ್ ಮಾಡಿ ಓದಿ ಹೇಳಿದೆ.

ಪುಸ್ತಕದ ಕೊನೆಗೆ ಹುಟ್ಟೂರು ಅಲೆಸ್ಸಾಂದ್ರಿಯಾ ಇದೆ. ಮಂಜು ಕವಿಯುವ ಊರು, ದೊಡ್ಡ ಮಾತು ನಂಬದ ಜನ. ಆ ಊರನ್ನು ಕಾಯುವ ಸಂತ ಬೌದೊಲೀನೋ. ರಾಜನ ಸೋದರಳಿಯನಿಗೆ ಬಾಣ ತಗುಲಿದೆ, ಉಳಿಸಿಕೊಡಿ ಅಂತ ರಾಜನ ದೂತ ಓಡಿ ಬಂದರೆ, ನೀನು ಬಂದದ್ದು ಯಾಕೆ ಅಂತ ಗೊತ್ತು, ಆದರೆ ಹುಡುಗ ಆಗಲೇ ತೀರಿಕೊಂಡಿದ್ದಾನೆ ಎನ್ನುತ್ತಾನಂತೆ ಸಂತ. ಪವಾಡ ಮಾಡದ ಆ ಸಂತನ ಮೇಲೆ ಎಕೋಗೆ ಎಷ್ಟು ಅಕ್ಕರೆ ಅಂದರೆ, ಆಮೇಲೆ ಒಂದು ಇಡೀ ಕಾದಂಬರಿಗೇ ಬೌದೊಲೀನೋ ಎಂದು ಹೆಸರಿಟ್ಟರು. ಪುಸ್ತಕ ಸಿಕ್ಕರೆ ಮೊದಲು ಸಾಲ್ಮನ್ ಓದಿ, ಆಮೇಲೆ ಐಸ್‌ಕ್ರೀಮು. ಅಲೆಸ್ಸಾಂದ್ರಿಯಾವನ್ನು ಯಾವುದಾದರೂ ರಜೆಯ ಬೆಳಿಗ್ಗೆಗೆ ಇಟ್ಟುಕೊಳ್ಳಿ.