ಅಡಿಕೆ ಬೆಳೆಗಾರರ ಮೀಟಿಂಗ್‌ಗೆ ಗೂಗಲ್ ಮೀಟ್ ಮತ್ತು ಸ್ಲೈಡ್ಸ್: ಎರಡು ಮಳೆಗಾಲ ಬಳಸಿದ ಮೇಲೆ

ಮಳೆಗಾಲದಲ್ಲಿ ನಮ್ಮ ತೀರ್ಥಹಳ್ಳಿ ಕಡೆ ಸಂಜೆ ಮೀಟಿಂಗ್ ಕರೆದರೆ ಯಾರೂ ಬರುವುದಿಲ್ಲ. ಬರಲು ಆಗುವುದೂ ಇಲ್ಲ. ಹಳ್ಳ ತುಂಬಿರುತ್ತದೆ, ದಾರಿಯಲ್ಲಿ ಮರ ಬಿದ್ದಿರುತ್ತದೆ. ಆದರೆ ಅಡಿಕೆ ಬೆಳೆಗಾರರು ಮಾತಾಡಲೇಬೇಕಾದ ಕಾಲವೂ ಅದೇ. ಕೊಳೆರೋಗಕ್ಕೆ ಮೊದಲ ಔಷಧಿ ಆಯ್ತಾ, ಎರಡನೆಯದು ಯಾವಾಗ, ಎಲೆಚುಕ್ಕಿ ರೋಗ ಯಾರ ತೋಟಕ್ಕೆ ಬಂತು, ಇವೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗಿನ ಮಾತು. ಹಾಗಾಗಿ ನಾವು ಮೂವತ್ತು ಮನೆಯವರು ತಿಂಗಳಿಗೆ ಎರಡು ಸಲ, ರಾತ್ರಿ ಏಳೂವರೆಗೆ, ಗೂಗಲ್ ಮೀಟ್‌ನಲ್ಲಿ ಸೇರುತ್ತೇವೆ. ಸ್ಲೈಡ್ ಮಾಡಿ ತೋರಿಸುವ ಕೆಲಸ ನನ್ನದು. ತೋಟದ ಕೆಲಸ ಮುಗಿಸಿ, ಅಡುಗೆ ಮುಗಿಸಿ, ಲ್ಯಾಪ್‌ಟಾಪ್ ಮುಂದೆ ಕೂರುತ್ತೇನೆ.

ಎರಡು ಮಳೆಗಾಲ ಹೀಗೆ ನಡೆಸಿದ ಮೇಲೆ ಬರೆಯುತ್ತಿದ್ದೇನೆ. ದುಡ್ಡು ಕೊಡದೆ ಸಿಗುವುದರಲ್ಲಿ ನಮ್ಮಂಥ ಗುಂಪಿಗೆ ಮೀಟ್ ಮತ್ತು ಗೂಗಲ್ ಸ್ಲೈಡ್ಸ್ ಜೋಡಿ ತುಂಬ ಚೆನ್ನಾಗಿ ಹೊಂದುತ್ತದೆ. ಆದರೆ ಒಂದು ಮಾತು. ಸ್ಕ್ರೀನ್ ಪೂರ್ತಿ ಶೇರ್ ಮಾಡಬೇಡಿ. ಬರೀ ಟ್ಯಾಬ್ ಶೇರ್ ಮಾಡಿ.

ಇದನ್ನು ನಾನು ಕಲಿತದ್ದು ನೋವಿನಿಂದ. ಮೊದಲ ವರ್ಷ ಪೂರ್ತಿ ಸ್ಕ್ರೀನ್ ತೋರಿಸುತ್ತಿದ್ದೆ. ಸುಲಭ ಅಂತ ಅನ್ನಿಸಿತ್ತು. ಒಂದು ದಿನ ಔಷಧಿಗೆ ಬೆರೆಸುವ ಸುಣ್ಣದ ಅಳತೆ ಹೇಳುತ್ತಿರುವಾಗ ಸ್ಕ್ರೀನಿನ ಮೂಲೆಯಲ್ಲಿ ವಾಟ್ಸಾಪ್ ಮೆಸೇಜ್ ಎದ್ದು ಬಂತು. 'ಅತ್ತಿಗೆಯ ರಿಪೋರ್ಟ್ ಬಂತು, ಚೆನ್ನಾಗಿಲ್ಲ, ಸದ್ಯಕ್ಕೆ ಯಾರಿಗೂ ಹೇಳಬೇಡ' ಅಂತ ತಮ್ಮ ಕಳಿಸಿದ್ದ. ನನಗಿಂತ ಮೊದಲು ಊರೇ ಓದಿತು. ಯಾರೂ ಮಾತಾಡಲಿಲ್ಲ. ಮರುದಿನ ಪಕ್ಕದ ಮನೆಯ ದೊಡ್ಡಮ್ಮ ಕೆಸುವಿನ ಎಲೆ ಕೊಡುವ ನೆಪದಲ್ಲಿ ಬಂದು ಕೈ ಹಿಡಿದುಕೊಂಡರು. ಅವರ ಮನಸ್ಸು ಒಳ್ಳೆಯದು. ಆದರೆ ಅದು ಅತ್ತಿಗೆ ತಾನಾಗಿ ಹೇಳಬೇಕಿದ್ದ ವಿಷಯ ಅಲ್ವಾ? ನನಗೆ ಇವತ್ತಿಗೂ ಅದು ಸಂಕಟವೇ.

ಈಗ ಮಾಡುವುದು ಹೀಗೆ. ಕ್ರೋಮ್‌ನಲ್ಲಿ ಸ್ಲೈಡ್ಸ್ ಒಂದು ಟ್ಯಾಬ್, ಮೀಟ್ ಇನ್ನೊಂದು ಟ್ಯಾಬ್. ಮೀಟ್‌ನ ಟ್ಯಾಬನ್ನು ಹಿಡಿದೆಳೆದು ಬೇರೆ ಕಿಟಕಿ ಮಾಡಿಕೊಳ್ಳುತ್ತೇನೆ. ಆಮೇಲೆ ಶೇರ್ ಗುಂಡಿ ಒತ್ತಿದರೆ ಟ್ಯಾಬ್, ವಿಂಡೋ, ಪೂರ್ತಿ ಸ್ಕ್ರೀನ್ ಅಂತ ಮೂರು ಕೇಳುತ್ತದೆ. ಟ್ಯಾಬ್ ಆರಿಸಿ ಸ್ಲೈಡ್ಸ್ ಮೇಲೆ ಒತ್ತಿದರೆ ಮುಗಿಯಿತು. ಮೆಸೇಜ್ ಬಂದರೂ, ನಾನು ಪಕ್ಕದಲ್ಲಿ ಬೇರೇನು ತೆರೆದರೂ, ಅವರಿಗೆ ಕಾಣುವುದು ಸ್ಲೈಡ್ ಮಾತ್ರ. ಪೂರ್ತಿ ಸ್ಕ್ರೀನ್ ತೋರಿಸುವಾಗ ಮೀಟ್ ಒಳಗೆ ಮೀಟ್, ಅದರೊಳಗೆ ಇನ್ನೊಂದು ಮೀಟ್ ಅಂತ ಕನ್ನಡಿಯೊಳಗಿನ ಕನ್ನಡಿ ಥರ ಕಾಣುತ್ತದಲ್ಲ, ಅದೂ ಇರುವುದಿಲ್ಲ.

ಇನ್ನೊಂದು ಲಾಭ ಉಂಟು. ಸ್ಲೈಡ್ಸ್‌ನಲ್ಲಿ ಪ್ರೆಸೆಂಟರ್ ವ್ಯೂ ತೆರೆದರೆ ಬೇರೆಯೇ ಒಂದು ಚಿಕ್ಕ ಕಿಟಕಿ ಬರುತ್ತದೆ. ಅದರಲ್ಲಿ ನಾನು ಬರೆದುಕೊಂಡ ಟಿಪ್ಪಣಿ, ಎಷ್ಟು ಹೊತ್ತಾಯಿತು ಅನ್ನುವ ಗಡಿಯಾರ, ಮುಂದಿನ ಸ್ಲೈಡ್ ಎಲ್ಲ ಇರುತ್ತವೆ. ಟ್ಯಾಬ್ ಮಾತ್ರ ಶೇರ್ ಆಗಿರುವುದರಿಂದ ಅದು ನನಗೊಬ್ಬಳಿಗೇ ಕಾಣುತ್ತದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ ಅನ್ನುವುದು ಎಲ್ಲರಿಗೂ ಬಾಯಿಪಾಠ. ಆದರೆ ಯಾವ ತೋಟಕ್ಕೆ ಯಾವ ತಾರೀಖು ಔಷಧಿ ಆಯಿತು ಅನ್ನುವುದು ನನಗೆ ಟಿಪ್ಪಣಿ ಇಲ್ಲದೆ ನೆನಪಿರುವುದಿಲ್ಲ. ಎರಡನೇ ಸಲಕ್ಕೆ ನಲವತ್ತು, ನಲವತ್ತೈದು ದಿನ ಎಣಿಸಬೇಕಲ್ಲ.

ವಿಡಿಯೋ ಹಾಕುವವರಿಗೆ ಒಂದು ಕಿವಿಮಾತು. ಟ್ಯಾಬ್ ಆರಿಸುವ ಜಾಗದಲ್ಲೇ ಟ್ಯಾಬ್‌ನ ಆಡಿಯೋ ಕೂಡ ಹೋಗಲಿ ಅನ್ನುವ ಸಣ್ಣ ಗುಂಡಿ ಇರುತ್ತದೆ. ಅದು ಆನ್ ಇದೆಯಾ ನೋಡಿಕೊಳ್ಳಿ. ನಮ್ಮ ಕೊನೆಗಾರರು, ಅಂದರೆ ಅಡಿಕೆ ಮರ ಹತ್ತುವವರು, ಕೊಟ್ಟೆ ಕಟ್ಟುವುದನ್ನು (ಮಳೆ ತಾಗದಂತೆ ಗೊನೆಗೆ ಹೊದಿಕೆ ಕಟ್ಟುವುದು) ವಿವರಿಸುವ ನಲವತ್ತು ಸೆಕೆಂಡಿನ ವಿಡಿಯೋ ಒಮ್ಮೆ ತೋರಿಸಿದೆ. ನನಗೆ ಚೆನ್ನಾಗಿ ಕೇಳುತ್ತಿತ್ತು. ಉಳಿದವರಿಗೆ ಬಾಯಿ ಆಡುವುದಷ್ಟೇ ಕಂಡಿತ್ತು. ಮುಗಿದ ಮೇಲೆ ಎಲ್ಲರೂ 'ಕೇಳ್ಲಿಲ್ಲ ಮಾರಾಯ್ತಿ' ಅಂದರು. ತಪ್ಪು ನನ್ನದೇ, ಗುಂಡಿ ನೋಡಿರಲಿಲ್ಲ. ನೆಟ್‌ವರ್ಕ್ ಸೊರಗಿದ ದಿನ ವಿಡಿಯೋ ಹಾಕಲೇಬೇಡಿ. ಅದರ ಬದಲು ನಾಲ್ಕು ಫೋಟೋ ಹಾಕಿ.

ನಮ್ಮಲ್ಲಿ ಮುಕ್ಕಾಲು ಜನ ನೋಡುವುದು ಫೋನಿನಲ್ಲಿ. ಸ್ಲೈಡ್ ಹೇಗಿರಬೇಕು ಅನ್ನುವುದನ್ನು ಅದೇ ತೀರ್ಮಾನ ಮಾಡುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಚಂದ ಕಾಣುವ ಹತ್ತು ಸಾಲಿನ ಸ್ಲೈಡ್ ಫೋನಿನಲ್ಲಿ ಇರುವೆ ಸಾಲು. ನಾನು ಈಗ ಒಂದು ಸ್ಲೈಡಿಗೆ ನಾಲ್ಕೇ ಸಾಲು, ಅಕ್ಷರದ ಅಳತೆ 40ಕ್ಕಿಂತ ಕಡಿಮೆ ಇಲ್ಲ. ಮೀಟಿಂಗ್‌ಗೆ ಮೊದಲು ನನ್ನ ಫೋನಿನಿಂದಲೂ ಸೇರಿಕೊಂಡು, ಮೈಕು ಸ್ಪೀಕರು ಬಂದ್ ಮಾಡಿ, ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ. ಅವರಿಗೆ ಹೇಗೆ ಕಾಣುತ್ತಿದೆ ಅಂತ ಅದರಲ್ಲೇ ಗೊತ್ತಾಗುತ್ತದೆ. ಮಾತು ಬೇಗ ಮುಟ್ಟುತ್ತದೆ, ಸ್ಲೈಡ್ ಒಂದೆರಡು ಸೆಕೆಂಡ್ ತಡವಾಗಿ ಬರುತ್ತದೆ ಅನ್ನುವುದು ಹಾಗೆ ನೋಡಿದಾಗಲೇ ತಿಳಿದದ್ದು. ಈಗ ಸ್ಲೈಡ್ ಬದಲಿಸಿ, ಫೋನಿನಲ್ಲಿ ಬಂದ ಮೇಲೆ ಬಾಯಿ ತೆರೆಯುತ್ತೇನೆ.

ಕನ್ನಡದ ಅಕ್ಷರದ ಬಗ್ಗೆಯೂ ಹೇಳಬೇಕು. ನಮ್ಮ ಗುಂಪಿನ ಹಿರಿಯರೊಬ್ಬರು ಹದಿನೈದು ವರ್ಷದ ಹಿಂದಿನ ಪವರ್‌ಪಾಯಿಂಟ್ ಕೊಟ್ಟಿದ್ದರು. ಒಳ್ಳೊಳ್ಳೆಯ ಮಾಹಿತಿ. ಗೂಗಲ್ ಸ್ಲೈಡ್ಸ್‌ನಲ್ಲಿ ತೆರೆದರೆ ಕನ್ನಡವೇ ಇಲ್ಲ, ಬರೀ ಕೊಂಬು ಬಾಲದ ಇಂಗ್ಲಿಷ್ ಅಕ್ಷರ. ಅದು ಯೂನಿಕೋಡ್ (ಎಲ್ಲ ಕಂಪ್ಯೂಟರ್, ಫೋನಿಗೂ ಅರ್ಥವಾಗುವ ಅಕ್ಷರದ ಸಂಕೇತ) ಅಲ್ಲದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ಆ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತದೆ. ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಒಂದು ಭಾನುವಾರ ಪೂರ್ತಿ ಕೂತು ಬದಲಿಸಿದೆ. ಒತ್ತಕ್ಷರ ಅಲ್ಲಲ್ಲಿ ತಪ್ಪಿತ್ತು, ಕೈಯಲ್ಲೇ ತಿದ್ದಿದೆ. ಈಗ ಸಾಲುಗಳಿಗೆ ನೋಟೋ ಸಾನ್ಸ್ ಕನ್ನಡ, ತಲೆಬರಹಕ್ಕೆ ಬಾಲೂ ತಮ್ಮ. ಎರಡೂ ಸ್ಲೈಡ್ಸ್‌ನಲ್ಲೇ ಇವೆ. ಫೋನಿನಲ್ಲಿ ಒತ್ತಕ್ಷರ ಸ್ಪಷ್ಟವಾಗಿ ಕಾಣುತ್ತದೆ. 'ಕೊಳ್ಳಿ'ಗೂ 'ಕೊಳೆ'ಗೂ ವ್ಯತ್ಯಾಸ ಕಾಣಬೇಕಲ್ಲ!

ಕೊರತೆ ಇಲ್ಲ ಅಂತಲ್ಲ. ಮೂವರು ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ದರೆ ಪುಕ್ಕಟೆ ಮೀಟ್ 60 ನಿಮಿಷಕ್ಕೆ ನಿಲ್ಲುತ್ತದೆ. 55ಕ್ಕೆ ಎಚ್ಚರಿಸುತ್ತದೆ. ಎರಡನೇ ಲಿಂಕ್ ಮೊದಲೇ ಗುಂಪಿಗೆ ಹಾಕಿರುತ್ತೇನೆ. ಝೂಮ್‌ನಲ್ಲಾದರೆ ಪುಕ್ಕಟೆ ಸಿಗುವುದು 40 ನಿಮಿಷ. ಆದರೆ ಅಲ್ಲಿ ತೋರಿಸುತ್ತಿರುವ ಚಿತ್ರದ ಮೇಲೆ ಎಲ್ಲರೂ ಗೆರೆ ಎಳೆಯಬಹುದು, ಅದು ನನಗೆ ಇಷ್ಟ. ಮೈಕ್ರೋಸಾಫ್ಟ್‌ನ ಟೀಮ್ಸ್‌ನಲ್ಲಿ ಪವರ್‌ಪಾಯಿಂಟ್ ಲೈವ್ ಅಂತ ಇದೆ. ಅದರಲ್ಲಿ ನೋಡುವವರು ತಾವೇ ಹಿಂದಿನ ಸ್ಲೈಡಿಗೆ ಹೋಗಿ ಬರಬಹುದು. ನಮ್ಮ ಹಿರಿಯರಿಗೆ ಇದು ಬಹಳ ಉಪಯೋಗದ್ದು. 'ತಂಗೀ, ಹಿಂದಿನದು ಸ್ವಲ್ಪ ತೋರ್ಸೇ, ಕನ್ನಡಕ ಹುಡುಕ್ತಿದ್ದೆ' ಅನ್ನುವವರು ಪ್ರತಿ ಸಲ ಒಬ್ಬರಾದರೂ ಇರುತ್ತಾರೆ. ಆದರೂ ಎಲ್ಲರ ಫೋನಿನಲ್ಲೂ ಜಿಮೇಲ್ ಇದೆ, ಲಿಂಕ್ ಒತ್ತಿದರೆ ಒಳಗೆ ಬರುತ್ತಾರೆ. ಹೊಸದೊಂದು ಕಲಿಸುವ ಕೆಲಸ ಇಲ್ಲ. ನಾವು ಮೀಟ್‌ನಲ್ಲೇ ಉಳಿದದ್ದು ಅದಕ್ಕೇ.

ಕರೆಂಟಿನ ವಿಷಯ ಹೇಳಬೇಕಿಲ್ಲ. ಸ್ಲೈಡ್‌ಗಳ ಲಿಂಕ್ ಶೃಂಗೇರಿ ಕಡೆಯ ಭಾವನೊಬ್ಬರ ಹತ್ತಿರವೂ ಇರುತ್ತದೆ. ನನ್ನ ಮನೆ ವೈಫೈ ಸತ್ತರೆ ಅವರು ತಮ್ಮ ಲ್ಯಾಪ್‌ಟಾಪ್‌ನಿಂದ ತೋರಿಸಲು ಶುರು ಮಾಡುತ್ತಾರೆ, ನಾನು ಫೋನಿನಿಂದ ಮಾತು ಮುಂದುವರಿಸುತ್ತೇನೆ.

ಇದೆಲ್ಲಕ್ಕಿಂತ ನನಗೆ ಮುಖ್ಯ ಅನ್ನಿಸಿದ್ದು ಚಿತ್ರ ಎಷ್ಟು ಸ್ಪಷ್ಟವಾಗಿ ಮುಟ್ಟುತ್ತದೆ ಅನ್ನುವುದು. ಬೋರ್ಡೋ ಸರಿ ಆಯಿತಾ ನೋಡಲು ಉಜ್ಜಿದ ಕಬ್ಬಿಣದ ಚಾಕು ಅದ್ದಿ ತೆಗೆಯುತ್ತೇವೆ. ಕೆಂಪಗೆ ತಾಮ್ರ ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ. ಆ ತೆಳು ಕೆಂಪು ಫೋನಿನ ಕ್ಯಾಮೆರಾದ ಮುಂದೆ ಚಾಕು ಹಿಡಿದು ತೋರಿಸಿದರೆ ಯಾರಿಗೂ ಕಾಣಲಿಲ್ಲ. ಅದರದೇ ಫೋಟೋ ಸ್ಲೈಡಿಗೆ ಹಾಕಿ ತೋರಿಸಿದಾಗ ಎಲ್ಲರಿಗೂ ಕಂಡಿತು.

ಎಲೆಚುಕ್ಕಿಗೂ ಹಾಗೇ. ಕಂದು ಚುಕ್ಕೆಯ ಸುತ್ತ ಹಳದಿ ಬಳೆ ಇರುತ್ತದಲ್ಲ, ಅದರ ಫೋಟೋವನ್ನು ಸ್ಲೈಡ್ ತುಂಬ ಹಾಕಿದ್ದೆ. ಸ್ಲೈಡ್ ಓಡುತ್ತಿರುವಾಗ ಕೀಬೋರ್ಡಿನಲ್ಲಿ ಎಲ್ ಒತ್ತಿದರೆ ಕೆಂಪು ಬೆಳಕಿನ ಚುಕ್ಕಿ ಬರುತ್ತದೆ. ಅದನ್ನು ಹಳದಿ ಬಳೆಯ ಮೇಲೆ ನಿಧಾನಕ್ಕೆ ಸುತ್ತಿಸಿದೆ. ಎಪ್ಪತ್ತೆರಡು ವರ್ಷದ ಮಾವನೊಬ್ಬರು ಮಾತೇ ಆಡದೆ ಎದ್ದು ಹೋದರು. ಅವರ ಚೌಕದಲ್ಲಿ ಖಾಲಿ ಕುರ್ಚಿ, ಹಿಂದೆ ಮಳೆಯ ಸದ್ದು. ಹತ್ತು ನಿಮಿಷ ಬಿಟ್ಟು ತಲೆಗೆ ಗೊರಬು, ಕೈಯಲ್ಲಿ ಬ್ಯಾಟರಿ, ಸೋಗೆಯ ಒಂದು ಎಲೆ ಹಿಡಿದು ಬಂದರು. ನೀರು ತೊಟ್ಟಿಕ್ಕುವ ಆ ಎಲೆಯನ್ನು ಕ್ಯಾಮೆರಾಗೆ ಒತ್ತಿ ಹಿಡಿದು, 'ಇದೂ ಅದೇಯಾ ನೋಡೇ ತಂಗಿ' ಅಂದರು.