ಮನೆಗೆಲ್ಲ ಒಂದೇ ಕೀ: ಬೀಗ ಚೆನ್ನಾಗಿದೆ, ತಲೆನೋವು ಇರುವುದು ನಕಲು ಕೀಯಲ್ಲಿ

ಮುಂಬಾಗಿಲು, ಅದರ ಹೊರಗಿನ ಜಾಲರಿ ಬಾಗಿಲು, ಹಿಂದೆ ಯುಟಿಲಿಟಿ, ಮೇಲೆ ಟೆರೇಸ್. ಈ ನಾಲ್ಕಕ್ಕೂ ಒಂದೇ ಕೀಯಲ್ಲಿ ತೆರೆಯುವ ಸಿಲಿಂಡರ್‌ಗಳು, ಅಂದರೆ ಬೀಗದಲ್ಲಿ ಕೀ ತೂರಿಸುವ ತುಂಡುಗಳು. ಅಂಗಡಿಯಲ್ಲಿ 'ಕೀಡ್ ಅಲೈಕ್' ಎಂದು ಕೇಳಬೇಕು. ಬರೀ 'ನಾಲ್ಕು ಸಿಲಿಂಡರ್ ಕೊಡಿ' ಅಂದರೆ ನಾಲ್ಕು ಬೇರೆ ಬೇರೆ ಕೀಯವು ಬರುತ್ತವೆ. ಎಷ್ಟು ಪಿನ್ (ಕೀಯ ಹಲ್ಲಿಗೆ ತಕ್ಕಂತೆ ಮೇಲೆ ಕೆಳಗೆ ಆಗುವ ಒಳಗಿನ ಸಣ್ಣ ಕಡ್ಡಿ), ಎಷ್ಟು ವರ್ಷ ಗ್ಯಾರಂಟಿ ಎಲ್ಲ ಡಬ್ಬದ ಮೇಲೇ ಇರುತ್ತದೆ, ಅದು ಬಿಡಿ.

ಸುಖ ಇರುವುದು ಸಣ್ಣ ಸಣ್ಣ ಹೊತ್ತಿನಲ್ಲಿ. ಮಳೆ ಹನಿಯಲು ಶುರುವಾದಾಗ ಟೆರೇಸಿಗೆ ಓಡಿ ಬಟ್ಟೆ ತೆಗೆಯಬೇಕಾದರೆ ಕೀ ಗೊಂಚಲಲ್ಲಿ ಹುಡುಕುವುದಿಲ್ಲ. ಕರೆಂಟ್ ಹೋದಾಗ ಕತ್ತಲಲ್ಲಿ ಒಂದೊಂದೇ ಕೀ ತೂರಿಸಿ 'ಇದಲ್ಲ, ಇದಲ್ಲ' ಅನ್ನುವುದಿಲ್ಲ. ಎರಡೂ ಕೈಯಲ್ಲಿ ತರಕಾರಿ ಚೀಲ ಇದ್ದರೂ ಜಾಲರಿ ಬಾಗಿಲು ತೆರೆದ ಕೀಯನ್ನೇ ಹಾಗೇ ಎಳೆದು ಮುಂಬಾಗಿಲಿಗೆ ಹಾಕಬಹುದು. ರಾತ್ರಿ ಮಲಗುವ ಮೊದಲು ಹಿಂದಿನಿಂದ ಮುಂದಕ್ಕೆ ಬೀಗ ಹಾಕುತ್ತ ಬರುವ ಸುತ್ತು ಕೂಡ ಬೇಗ ಮುಗಿಯುತ್ತದೆ.

ಕೊಳ್ಳುವ ಮೊದಲು ನಿಮ್ಮ ಬಾಗಿಲಲ್ಲಿ ಏನಿದೆ ನೋಡಿ. ಹ್ಯಾಂಡಲ್ ಪ್ಲೇಟಿನ ಕೆಳಗೆ ದುಂಡು ತಲೆಯ, ಕೆಳಮುಖವಾಗಿ ಇಳಿದ ಹಿತ್ತಾಳೆ ತುಂಡು ಕಂಡರೆ ಅದು ಯೂರೋ ಸಿಲಿಂಡರ್. ಅದನ್ನು ಮಾತ್ರ ಬದಲಿಸಿದರೆ ಸಾಕು, ಲಾಕ್ ಬಾಡಿ (ಬಾಗಿಲಿನೊಳಗೆ ಕೂತ ಬೀಗದ ಪೆಟ್ಟಿಗೆ), ಹ್ಯಾಂಡಲ್ ಹಳೆಯವೇ ಇರಲಿ. ಬಡಗಿಯೂ ಬೇಡ, ಉಳಿಯೂ ಬೇಡ. ಹಳೇ ಕಾಲದ ಲಿವರ್ ಲಾಕ್ ಆದರೆ ಈ ಕೆಲಸ ಆಗುವುದಿಲ್ಲ, ಅದರಲ್ಲಿ ಬಿಚ್ಚಿ ತೆಗೆಯುವ ಸಿಲಿಂಡರ್ರೇ ಇಲ್ಲ, ಲಾಕ್ ಬಾಡಿಯನ್ನೇ ಬದಲಿಸಬೇಕು. ಇನ್ನೊಂದು ಮಾತು, ಎಲ್ಲವೂ ಒಂದೇ ಕಂಪನಿಯ ಒಂದೇ ಮಾದರಿಯವಾಗಿರಬೇಕು. ಕೀ ಒಳಹೋಗುವ ಸೀಳಿನ ಅಂಕುಡೊಂಕು ಕಂಪನಿಯಿಂದ ಕಂಪನಿಗೆ ಬೇರೆ. ಒಂದರ ಕೀ ಸಾಮಾನ್ಯವಾಗಿ ಇನ್ನೊಂದರೊಳಗೆ ಹೋಗುವುದೇ ಇಲ್ಲ, ತಿರುಗುವ ಮಾತು ಆಮೇಲೆ.

ಅಳತೆ ತಪ್ಪುವುದು ಇಲ್ಲೇ ಹೆಚ್ಚು. ಬಾಗಿಲಿನ ದಪ್ಪವನ್ನಷ್ಟೇ ಅಳೆದರೆ ಸಾಲದು, ಎರಡೂ ಕಡೆಯ ಪ್ಲೇಟ್ ಸೇರಿಸಿ ಅಳೆಯಬೇಕು. ಅದೂ ಒಟ್ಟು ಉದ್ದ ಅಲ್ಲ. ಬಾಗಿಲಿನ ಅಂಚಿನಲ್ಲಿರುವ ಸ್ಕ್ರೂ ತೂತಿನ ನಡುವಿನಿಂದ ಹೊರಗೆ ಎಷ್ಟು, ಒಳಗೆ ಎಷ್ಟು ಎಂದು ಬೇರೆ ಬೇರೆ. 60 ಮಿಮೀ ಅಂದರೆ ಸಾಮಾನ್ಯವಾಗಿ 30/30, 70 ಅಂದರೆ 35/35. ಹೊರಗಡೆ ಪ್ಲೇಟಿನಿಂದ 2-3 ಮಿಮೀಗಿಂತ ಜಾಸ್ತಿ ಚಾಚಿಕೊಂಡಿರಬಾರದು. ಚಾಚಿದ ತುದಿಯನ್ನು ಇಕ್ಕಳದಲ್ಲಿ ಹಿಡಿದು ಅಲುಗಿಸಿದರೆ ಸಿಲಿಂಡರ್ ಆ ಸ್ಕ್ರೂ ತೂತಿನ ಹತ್ತಿರವೇ ತುಂಡಾಗುತ್ತದೆ, ಅದು ಅದರ ಅತಿ ತೆಳು ಜಾಗ.

ಬದಲಿಸುವುದು ಸುಲಭ. ಬಾಗಿಲು ತೆರೆದಿಟ್ಟುಕೊಂಡೇ ಮಾಡಿ. ಅಂಚಿನಲ್ಲಿ ಸಿಲಿಂಡರ್ ಮಟ್ಟಕ್ಕಿರುವ ಉದ್ದನೆಯ ಎಂ5 (5 ಮಿಮೀ ದಪ್ಪದ) ಸ್ಕ್ರೂವನ್ನು ಪೂರ್ತಿ ಬಿಚ್ಚಬೇಕು. ಕೀ ಹಾಕಿ ತುಸುವೇ ತಿರುಗಿಸುತ್ತ ಸಿಲಿಂಡರನ್ನು ಮೆಲ್ಲಗೆ ಒತ್ತಿ. ನಡುವಿನ ನಾಲಿಗೆ ಮೈಯೊಳಗೆ ಅಡಗಿದ ಕ್ಷಣ ಅದು ಸಲೀಸಾಗಿ ಜಾರಿ ಬರುತ್ತದೆ. ಬಾರದಿದ್ದರೆ ಸುತ್ತಿಗೆ ಮುಟ್ಟಬೇಡಿ, ನಾಲಿಗೆ ಇನ್ನೂ ಹೊರಗಿದೆ ಅಂತ ಅರ್ಥ. ಹೊಸದನ್ನು ಹಾಕುವಾಗಲೂ ಇದೇ ಆಟ. ಸ್ಕ್ರೂ ಬಿಗಿ ಮಾಡಿದ ಮೇಲೆ ಕೀ ಬಿಗಿಯಾದರೆ ಸ್ಕ್ರೂವನ್ನು ಕಾಲು ಸುತ್ತು ಸಡಿಲಿಸಿ.

ಇರುವ ಸಿಲಿಂಡರ್‌ಗಳು ಒಂದೇ ಮಾದರಿಯವಾದರೆ ಹೊಸದು ಕೊಳ್ಳದೆ ಪಿನ್ ಬದಲಿಸಿಯೂ ಒಂದೇ ಕೀಗೆ ತರಬಹುದು. ಕೀ ಮಾಡುವವರು ಸರ್ಕ್ಲಿಪ್ (ಹಿಡಿದಿಡುವ ಸಣ್ಣ ಉಂಗುರ) ತೆಗೆದು, ಕೀ ಜೊತೆ ತಿರುಗುವ ಒಳಭಾಗವಾದ ಪ್ಲಗ್ಗನ್ನು ಅಷ್ಟೇ ದಪ್ಪದ ಕಡ್ಡಿಯಿಂದ ಹಿಂದಿನಿಂದ ತಳ್ಳುತ್ತ ಹೊರತೆಗೆಯುತ್ತಾರೆ. ಕಡ್ಡಿ ಜಾಗ ಬಿಟ್ಟರೆ ಮೇಲಿನ ಪಿನ್, ಸ್ಪ್ರಿಂಗ್ ಎಲ್ಲ ಹಾರಿ ಹೋಗುತ್ತವೆ. ಆಮೇಲೆ ಕೀಯನ್ನು ಪ್ಲಗ್ಗಿಗೆ ಹಾಕಿ, ಒಂದೊಂದು ತೂತಿಗೂ ತಲೆ ಮಟ್ಟಸವಾಗಿ ಕೂರುವ ಉದ್ದದ ಪಿನ್ ಹುಡುಕಿ ಇಡಬೇಕು. ಕೆಲಸದಲ್ಲಿ ಕಳ್ಳಾಟ ನಡೆಯುವುದು ಇಲ್ಲಿ. ಸರಿಯಾದ ಪಿನ್ ಸಿಗದಿದ್ದರೆ ಕೆಲವರು ಇರುವುದನ್ನೇ ಅರದಿಂದ ಉಜ್ಜುತ್ತಾರೆ, ಇನ್ನು ಕೆಲವರು ಆ ತೂತನ್ನು ಖಾಲಿಯೇ ಬಿಡುತ್ತಾರೆ. ಕೀ ಬೆಣ್ಣೆಯಷ್ಟು ಸಲೀಸಾಗಿ ತಿರುಗುತ್ತದೆ, ಗಿರಾಕಿ ಖುಷಿ, ಆದರೆ ಬೀಗದ ಭದ್ರತೆ ಇಳಿದಿರುತ್ತದೆ. ಮುಚ್ಚುವ ಮೊದಲು ಎದುರಿಗೇ ನಿಂತು ಪಿನ್ ಎಣಿಸಿ, ಎಲ್ಲ ತೂತಿನಲ್ಲೂ ಇರಬೇಕು. ಗುಳಿಗಳಿರುವ ಚಪ್ಪಟೆ ಡಿಂಪಲ್ ಕೀಯ ಸಿಲಿಂಡರ್ ಆದರೆ ಈ ಸಾಹಸ ಬೇಡ, ಕಂಪನಿಯಿಂದಲೇ ಸೆಟ್ ತರಿಸಿ.

ಇಷ್ಟೆಲ್ಲ ಸರಿ ಮಾಡಿದ ಮೇಲೂ ತಲೆ ತಿನ್ನುವುದು ನಕಲು ಕೀ. ಸೆಟ್ಟಿನ ಜೊತೆ ಬಂದ ಕೀಗಳು ನಾಲ್ಕೂ ಬಾಗಿಲಿಗೆ ಚೆನ್ನಾಗಿ ಹೊಂದುತ್ತವೆ. ರಸ್ತೆ ಬದಿಯಲ್ಲಿ ಮಾಡಿಸಿದ ಕೀ ಮುಂಬಾಗಿಲಲ್ಲಿ ತಿರುಗುತ್ತದೆ, ಟೆರೇಸಿನಲ್ಲಿ ಅಲ್ಲಾಡುವುದಿಲ್ಲ. ಸಿಲಿಂಡರ್ ಕೆಟ್ಟಿದೆ ಅನ್ನಿಸುತ್ತದೆ, ಅಂಗಡಿಯವರೂ ಹಾಗೇ ಹೇಳಿ ಹೊಸದು ಮಾರಲು ನೋಡುತ್ತಾರೆ. ನಿಜವಾಗಿ ಕೆಟ್ಟಿರುವುದು ಕೀ. ದಿನಕ್ಕೆ ಹತ್ತಾರು ಸಲ ತೆರೆಯುವ ಮುಂಬಾಗಿಲ ಸಿಲಿಂಡರ್ ಒಳಗೆ ಸವೆದು ಸ್ವಲ್ಪ ಉದಾರವಾಗಿರುತ್ತದೆ, ಹಲ್ಲು ಕೂದಲಷ್ಟು ಆಚೀಚೆಯಾದರೂ ಒಪ್ಪಿಕೊಳ್ಳುತ್ತದೆ. ಟೆರೇಸಿನದು ಹೆಚ್ಚುಕಡಿಮೆ ಹೊಸದಾಗಿಯೇ ಉಳಿದಿರುತ್ತದೆ, ಅದು ಒಪ್ಪುವುದಿಲ್ಲ. ನಕಲು ಮಷಿನ್ ಮೂಲ ಕೀಯ ಹಲ್ಲನ್ನು ಸವರಿಕೊಂಡೇ ಕತ್ತರಿಸುವುದರಿಂದ ಮೂಲದ ಸವೆತವೂ ನಕಲಿಗೆ ಬರುತ್ತದೆ. ನಕಲಿನ ನಕಲು ಮಾಡಿಸಿದರಂತೂ ಮುಗಿಯಿತು.

ಹಾಗಾಗಿ ಸೆಟ್ಟಿನ ಒಂದು ಕೀಯನ್ನು ಎಂದೂ ಬೀಗಕ್ಕೆ ಹಾಕದೆ ತೆಗೆದಿಡಿ. ನಕಲು ಮಾಡಿಸುವುದು ಅದರಿಂದ ಮಾತ್ರ. ಕತ್ತರಿಸಿದ ಮೇಲೆ ಅಂಚಿನಲ್ಲಿ ಉಳಿದ ಲೋಹದ ಚೂರು ಉಜ್ಜಿಸಿ ತನ್ನಿ, ಮನೆಗೆ ಬಂದು ಮೊದಲು ಅತಿ ಕಡಿಮೆ ಬಳಸುವ ಬಾಗಿಲಲ್ಲಿ ನೋಡಿ. ಅಲ್ಲಿ ತಿರುಗಿದರೆ ಎಲ್ಲೆಡೆ ತಿರುಗುತ್ತದೆ. ಕಬ್ಬಿಣದ ಅಗ್ಗದ ಕೀಗಿಂತ ಹಿತ್ತಾಳೆಯದೇ ಮೇಲು, ಗಟ್ಟಿ ಕೀ ಸಿಲಿಂಡರಿನ ಪಿನ್ನನ್ನೇ ತಿನ್ನುತ್ತದೆ.

ನಕಲು ಕೀಯ ಮೇಲಿನ ಸಿಟ್ಟು ಇಳಿಸಿದ್ದು ಇದೇ ಸೆಟ್ಟಿನ ಒಂದು ಗುಣ. ಕೀ ಒಂದೇ ಆದ್ದರಿಂದ ಒಂದೇ ಅಳತೆಯ ಸಿಲಿಂಡರ್‌ಗಳನ್ನು ಬಾಗಿಲಿಂದ ಬಾಗಿಲಿಗೆ ಅದಲುಬದಲು ಮಾಡಬಹುದು. ಮುಂಬಾಗಿಲದು ಸಡಿಲವಾಯಿತೇ, ಟೆರೇಸಿನದನ್ನು ತಂದು ಇಲ್ಲಿ ಹಾಕಿ, ಇದನ್ನು ಅಲ್ಲಿಗೆ. ಒಂದು ಸ್ಕ್ರೂಡ್ರೈವರ್ ಸಾಕು, ಕಾಸು ಖರ್ಚಿಲ್ಲ. ಬಾಗಿಲು ಮಾಡಿಸುವಾಗಲೇ ಎಲ್ಲಕ್ಕೂ ಒಂದೇ ಅಳತೆ ಬರುವ ಹಾಗೆ ನೋಡಿಕೊಂಡರೆ ಈ ಲಾಭ ಪೂರ್ತಿ ಸಿಗುತ್ತದೆ.

ಎರಡೂ ಕಡೆ ಕೀ ಹಾಕುವ ಸಿಲಿಂಡರ್ ಆದರೆ ಒಳಗೆ ಕೀ ಸಿಕ್ಕಿಸಿಟ್ಟು ಮಲಗುವ ಅಭ್ಯಾಸ ಬಿಡಬೇಕು, ಹೊರಗಿನ ಕೀ ಕೆಲಸ ಮಾಡುವುದಿಲ್ಲ. ಒಳಗೆ ಕೀ ಇದ್ದರೂ ಹೊರಗಿನಿಂದ ತೆರೆಯುವ ಡಬಲ್ ಕ್ಲಚ್ ಮಾದರಿ ಸಿಗುತ್ತದೆ, ಮುಂಬಾಗಿಲಿಗೆ ಅದನ್ನೇ ಕೇಳಿ. ಒಳಗೆ ಕೀ ಬದಲು ಕೈಯಿಂದಲೇ ತಿರುಗಿಸುವ ನಾಬ್ ಇರುವುದೂ ಒಳ್ಳೆಯದೇ, ಆದರೆ ಜಾಲರಿ ಬಾಗಿಲಿಗೆ ಬೇಡ. ಜಾಲರಿ ಕತ್ತರಿಸಿ ಕೈ ತೂರಿಸಿದರೆ ನಾಬ್ ತಿರುಗಿಸುವುದು ಯಾರಿಗೂ ಕಷ್ಟವಲ್ಲ.

ಬಿಗಿಯಾದ ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಡುವ ಪದ್ಧತಿ ನಮ್ಮಲ್ಲಿ ಇದೆ. ಅದು 24 ಡಿಗ್ರಿ ಆಸುಪಾಸಿನಲ್ಲೇ ಗಟ್ಟಿಯಾಗುವ ಎಣ್ಣೆ. ಡಿಸೆಂಬರ್ ಬೆಳಗ್ಗೆ ಆ ಸಣ್ಣ ಸ್ಪ್ರಿಂಗ್‌ಗಳು ಪಿನ್ನನ್ನು ತಳ್ಳಲಾರದೆ ನಿಲ್ಲುತ್ತವೆ, ಬೇಸಗೆಯಲ್ಲಿ ಧೂಳು ಹಿಡಿದು ಅಂಟಾಗುತ್ತದೆ. ಮೆತ್ತನೆ ಪೆನ್ಸಿಲನ್ನು ಕೀಯ ಹಲ್ಲಿಗೆ ಉಜ್ಜಿ ನಾಲ್ಕು ಸಲ ಹಾಕಿ ತೆಗೆಯಿರಿ, ಅಥವಾ ಗ್ರಾಫೈಟ್ ಪುಡಿ ತನ್ನಿ. ಮಳೆಗಾಲದಲ್ಲಿ ಮಾತ್ರ ಬಿಗಿಯಾದರೆ ಬಾಗಿಲು ತೆರೆದಿಟ್ಟು ಕೀ ತಿರುಗಿಸಿ ನೋಡಿ. ಸಲೀಸಾಗಿದ್ದರೆ ಸಿಲಿಂಡರ್ ತಪ್ಪಲ್ಲ, ಮರ ಉಬ್ಬಿ ಬೋಲ್ಟು ಚೌಕಟ್ಟಿನ ಪ್ಲೇಟಿಗೆ ತಾಗುತ್ತಿದೆ. ಪ್ಲೇಟಿನ ತೂತಿನ ಅಂಚನ್ನು ಅರದಿಂದ ಸ್ವಲ್ಪ ಉಜ್ಜಿ.

ಗೇಟಿನ ಬೀಗವನ್ನು ಈ ಕೀಗೆ ಸೇರಿಸಬೇಡಿ. ಹಾಫ್ ಸಿಲಿಂಡರ್ (ಒಂದೇ ಕಡೆ ಕೀ ಹಾಕುವ ಅರ್ಧ ತುಂಡು) ಕೂರಿಸುವ ಪ್ಯಾಡ್‌ಲಾಕ್ ಇದೆಯಾದರೂ, ಮಳೆ ಧೂಳಿಗೆ ಒಡ್ಡಿದ ಬೀಗದ ಮಣ್ಣು ಕೀಗೆ ಹತ್ತಿ ಮನೆಯೊಳಗಿನ ಸಿಲಿಂಡರ್‌ಗಳಿಗೂ ಬರುತ್ತದೆ. ಗೇಟಿನ ಕೀ ಹಾಲಿನವರಿಂದ ಹಿಡಿದು ಹತ್ತು ಜನರ ಕೈ ದಾಟುವಂಥದ್ದು ಕೂಡ. ಕೆಲಸದವರು ಯುಟಿಲಿಟಿಯಿಂದ ಬರುವ ಮನೆಯಾದರೆ ಅವರಿಗೆ ಕೊಟ್ಟ ಕೀ ಮುಂಬಾಗಿಲನ್ನೂ ತೆರೆಯುತ್ತದೆ ಅನ್ನುವುದು ನೆನಪಿರಲಿ. ಅಂಥ ಮನೆಗೆ ಮಾಸ್ಟರ್ ಕೀ ಸೆಟ್ ಸರಿ, ಕೆಲಸದವರ ಕೀ ಒಂದೇ ಬಾಗಿಲಿಗೆ, ನಿಮ್ಮದು ಎಲ್ಲಕ್ಕೂ. ಅದರಲ್ಲಿ ಪಿನ್ನಿನ ನಡುವೆ ಇನ್ನೊಂದು ತುಂಡು ಸೇರಿಸುವುದರಿಂದ ಬೀಗ ತೆರೆಯುವ ಜೋಡಣೆಗಳು ಹೆಚ್ಚುತ್ತವೆ, ಭದ್ರತೆ ಸ್ವಲ್ಪ ಇಳಿಯುತ್ತದೆ.

ಇನ್ನು ಕೀ ಕಳೆದರೆ ನಾಲ್ಕೂ ಸಿಲಿಂಡರ್ ಬದಲಿಸಬೇಕು, ಇಲ್ಲವೇ ನಾಲ್ಕಕ್ಕೂ ಪಿನ್ ಬದಲಿಸಬೇಕು. ಆ ಖರ್ಚು ಇವತ್ತಲ್ಲ ನಾಳೆ ಬರಬಹುದು ಅಂತ ಇಟ್ಟುಕೊಂಡೇ ಕೊಳ್ಳಿ. ಕೀಚೈನಿನ ಮೇಲೆ ಮನೆ ನಂಬರ್ ಬರೆಯಬೇಡಿ. ಕೀ ಕೋಡ್ ಇರುವ ಕಾರ್ಡ್ ಬಂದಿದ್ದರೆ ಅದನ್ನು ಬಳಸದ ಕೀಯ ಜೊತೆಗೆ ಬೀರುವಿನಲ್ಲಿ ಇಡಿ, ಫೋಟೋ ತೆಗೆದು ಯಾರಿಗೂ ಕಳಿಸಬೇಡಿ, ಆ ನಂಬರಿನಿಂದಲೇ ಹೊಸ ಕೀ ಕತ್ತರಿಸಬಹುದು.