ಹೊಸ ವರ್ಷಕ್ಕೆ ಕಡಿಮೆ ಬೆಲೆಯ ‘ಒಸೆಟ್ರಾ’ ಕ್ಯಾವಿಯರ್ ತರಿಸುವವರೇ, ಮೊದಲು ಇದನ್ನು ಓದಿ

ಅಮೆರಿಕದಲ್ಲಿರುವ ನಮ್ಮ ಕನ್ನಡದವರು ಯಾರಾದರೂ ಪಾರ್ಟಿಗೆ ಅಂತ ಆನ್‌ಲೈನ್‌ನಲ್ಲಿ ಕ್ಯಾವಿಯರ್ (ಉಪ್ಪು ಹಾಕಿದ ಮೀನಿನ ಮೊಟ್ಟೆ) ತರಿಸುವ ಯೋಚನೆಯಲ್ಲಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ದುಡ್ಡು ಹೋಗಿದ್ದಕ್ಕಿಂತ ಮನೆಗೆ ಬಂದವರ ಮುಂದೆ ಆದ ಅವಮಾನ ಜಾಸ್ತಿ. ಇನ್ನೂ ಹೊಟ್ಟೆ ಉರಿಯುತ್ತಿದೆ.

ನಾವಿರುವುದು ನ್ಯೂಜೆರ್ಸಿಯಲ್ಲಿ. ಡಿಸೆಂಬರ್ 31ರ ರಾತ್ರಿ ಊಟಕ್ಕೆ ನನ್ನ ಆಫೀಸಿನ ಗೆಳತಿಯನ್ನೂ ಅವಳ ತಾಯಿಯನ್ನೂ ಕರೆದಿದ್ದೆವು. ಆ ತಾಯಿ ಹುಟ್ಟಿ ಬೆಳೆದದ್ದು ರಷ್ಯಾದ ಅಸ್ತ್ರಾಖಾನ್‌ನಲ್ಲಿ. ವೋಲ್ಗಾ ನದಿ ಕ್ಯಾಸ್ಪಿಯನ್ ಸಮುದ್ರ ಸೇರುವ ಕಡೆಯ ಊರು ಅದು, ಕ್ಯಾವಿಯರ್‌ಗೇ ಹೆಸರುವಾಸಿ. ಅವರಿಗೆ ವರ್ಷದ ದೊಡ್ಡ ಹಬ್ಬ ಅಂದರೆ ಹೊಸ ವರ್ಷವೇ. ನಮ್ಮ ಮನೆ ಯುಗಾದಿಗೆ ಬಂದು ಬೇವು ಬೆಲ್ಲ ತಿಂದು ಹೋದವರು ಅವರು. ಅವರ ಹಬ್ಬದ ದಿನ ಅವರ ಇಷ್ಟದ್ದನ್ನು ಬಡಿಸೋಣ ಅಂದುಕೊಂಡೆ. ಇಷ್ಟೇ ನನ್ನ ಆಸೆ.

ಒಸೆಟ್ರಾ ಅಂದರೆ ರಷ್ಯನ್ ಸ್ಟರ್ಜನ್ ಅನ್ನುವ ಮೀನಿನ ಕ್ಯಾವಿಯರ್. ಅದರ ಬೆಲೆ ಗೊತ್ತಿರುವವರಿಗೆ ಗೊತ್ತು. ಹೆಸರಿರುವ ಅಂಗಡಿಗಳಲ್ಲಿ 30 ಗ್ರಾಂ ಡಬ್ಬಿಗೇ 70–80 ಡಾಲರ್ ಕೇಳುತ್ತಾರೆ. ಸ್ಟರ್ಜನ್ ಮೀನು ಮೊಟ್ಟೆ ಕೊಡುವಷ್ಟು ಬೆಳೆಯಲು ಸಾಕಣೆ ಕೊಳದಲ್ಲೂ ಎಂಟು-ಹತ್ತು ವರ್ಷ ಬೇಕು. ಹಾಗಾಗಿ ದುಬಾರಿ. ಹುಡುಕುತ್ತಿರುವಾಗ ಒಂದು ಸೈಟಿನ ಜಾಹೀರಾತು ಬಂತು. ಹಾಲಿಡೇ ಸ್ಪೆಷಲ್, ಒಸೆಟ್ರಾ ಮಲೊಸೋಲ್ (ಅಂದರೆ ಉಪ್ಪು ಕಡಿಮೆ ಹಾಕಿದ್ದು), 50 ಗ್ರಾಂನ ಎರಡು ಡಬ್ಬಿಗೆ 89 ಡಾಲರ್, ಜೊತೆಗೆ ಚಿಪ್ಪಿನ ಚಮಚ ಉಚಿತ. ನಾನೇನು ಕಣ್ಣುಮುಚ್ಚಿ ಕೊಳ್ಳಲಿಲ್ಲ. ಚಾಟ್‌ನಲ್ಲಿ ನೇರವಾಗಿ ಕೇಳಿದೆ: ಇದು ಸ್ಟರ್ಜನ್ ಮೀನಿನದ್ದೇನಾ? "ಹೌದು ಮೇಡಂ, ನೂರಕ್ಕೆ ನೂರು ಅಸಲಿ ಒಸೆಟ್ರಾ, ಇದು ಹಬ್ಬದ ರಿಯಾಯಿತಿ ಬೆಲೆ" ಅಂತ ಉತ್ತರ ಬಂತು. ಆ ಸ್ಕ್ರೀನ್‌ಶಾಟ್ ಇವತ್ತಿಗೂ ನನ್ನ ಹತ್ತಿರ ಇದೆ.

ಪಾರ್ಸೆಲ್ 30ರ ಸಂಜೆ ಬಂತು. ಒಳಗಿದ್ದ ಐಸ್ ಪ್ಯಾಕ್ ಕರಗಿ ಮೆತ್ತಗಾಗಿತ್ತು. ಕ್ಯಾವಿಯರ್ ಅಂದರೆ ಸೊನ್ನೆ ಡಿಗ್ರಿ ಆಸುಪಾಸಿನಲ್ಲಿ ಇಡಬೇಕಾದ ಪದಾರ್ಥ ಅಲ್ವಾ? ಕೇಳಿದೆ. "ಚಿಂತೆ ಬೇಡ, ಫ್ರಿಜ್‌ನಲ್ಲಿ ಇಡಿ, ಏನೂ ಆಗುವುದಿಲ್ಲ" ಅಂದರು. ಏನೂ ಆಗುವುದಿಲ್ಲ ಅಂತ ಅಷ್ಟು ಧೈರ್ಯ ಯಾಕಿತ್ತು ಅಂತ ಆಮೇಲೆ ಅರ್ಥವಾಯಿತು.

ಮರುದಿನ ರಾತ್ರಿ. ಬ್ಲಿನಿ (ರಷ್ಯನ್ನರ ತೆಳು ದೋಸೆ) ಬಿಸಿಯಾಗಿ ಮಾಡಿದ್ದೆ, ಮೇಲೆ ಸವರ್ ಕ್ರೀಮ್ ಹಚ್ಚಿದ್ದೆ. ಡಬ್ಬಿ ತೆರೆದು ಅದರ ಮೇಲೆ ಒಂದೊಂದು ಚಮಚ ಇಟ್ಟು ತಟ್ಟೆಯನ್ನು ಮೇಜಿಗೆ ತಂದೆ. ಕೂರುವಷ್ಟರಲ್ಲಿ ಬಿಳಿ ಕ್ರೀಮ್ ಮೇಲೆ ಬೂದು-ನೀಲಿ ಬಣ್ಣ ಇಳಿಯತೊಡಗಿತು. ಕಾಳುಗಳ ಸುತ್ತ ಮೊದಲು ಸಣ್ಣ ಗೆರೆ, ಆಮೇಲೆ ಕ್ರೀಮ್ ಎಲ್ಲಾ ಶಾಯಿ ಚೆಲ್ಲಿದ ಹಾಗೆ. ತಟ್ಟೆಯ ಅಂಚಿಗೂ ಬಣ್ಣ. ಮೊಟ್ಟೆಗಳು ಸಾಸಿವೆ ಕಾಳಿನಷ್ಟು ಸಣ್ಣ, ಹಲ್ಲಿಗೆ ಸಿಕ್ಕರೆ ಕಟಕಟ ಅನ್ನುತ್ತಿದ್ದವು, ಬಾಯಿ ತುಂಬಾ ಬರೀ ಉಪ್ಪು. ಆ ತಾಯಿ ಒಂದು ತುತ್ತು ತಿಂದು ಚಮಚ ಕೆಳಗಿಟ್ಟರು. ಮಗಳಿಗೆ ಮೆಲ್ಲಗೆ ರಷ್ಯನ್‌ನಲ್ಲಿ ಏನೋ ಹೇಳಿದರು. ಗೆಳತಿ ನನ್ನ ಮುಖ ನೋಡಲು ಹಿಂಜರಿದಳು. ಒತ್ತಾಯ ಮಾಡಿದ ಮೇಲೆ ಹೇಳಿದಳು: "ಇದು ಸ್ಟರ್ಜನ್ ಅಲ್ಲ, ಬಣ್ಣ ಹಾಕಿದ ಬೇರೆ ಯಾವುದೋ ಮೀನಿನದ್ದು ಅಂತ ಅಮ್ಮ ಹೇಳ್ತಿದ್ದಾರೆ." ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆ ಹಿರಿಯರು ಪಾಪ, "ಪರವಾಗಿಲ್ಲ ಬಿಡಮ್ಮ" ಅನ್ನುವ ಹಾಗೆ ನನ್ನ ಕೈ ತಟ್ಟಿದರು. ಅದು ಇನ್ನೂ ಕಷ್ಟವಾಯಿತು.

ಅವರು ಹೋದ ಮೇಲೆ ಡಬ್ಬಿ ತಿರುಗಿಸಿ ನೋಡಿದೆವು. ತಳದಲ್ಲಿ ಚಿನ್ನದ ಬಣ್ಣದ ಲೋಗೋ ಸ್ಟಿಕರ್. ನನ್ನ ಗಂಡ ಉಗುರಿನಿಂದ ಅದನ್ನು ಕಿತ್ತರೆ ಕೆಳಗೆ ಇನ್ನೊಂದು ಚೀಟಿ: ಲಂಪ್‌ಫಿಶ್ ಮೊಟ್ಟೆ, ಉಪ್ಪು, ಬಣ್ಣ. ಲಂಪ್‌ಫಿಶ್! ಸೂಪರ್ ಮಾರ್ಕೆಟ್‌ನಲ್ಲಿ ಹತ್ತು ಡಾಲರ್ ಆಸುಪಾಸಿಗೆ ಗಾಜಿನ ಶೀಶೆಯಲ್ಲಿ ಸಿಗುತ್ತದೆ. ಅದನ್ನು ಅದೇ ಹೆಸರಲ್ಲಿ ಮಾರಿದರೆ ನನ್ನ ತಕರಾರಿಲ್ಲ. ಅದರ ಮೇಲೆ ಸ್ಟಿಕರ್ ಅಂಟಿಸಿ ಒಸೆಟ್ರಾ ಅಂತ ಮಾರಿದ್ದಾರಲ್ಲ, ಅದು ಮೋಸ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಎಫ್‌ಡಿಎ ಪ್ರಕಾರ ಬರೀ ‘ಕ್ಯಾವಿಯರ್’ ಅಂತ ಬರೆಯಬೇಕಾದರೆ ಅದು ಸ್ಟರ್ಜನ್‌ನದ್ದೇ ಆಗಿರಬೇಕು. ಬೇರೆ ಮೀನಾದರೆ ಆ ಮೀನಿನ ಹೆಸರು ಜೊತೆಗೆ ಬರಬೇಕು.

ಇನ್ನು ಅವರ ಉತ್ತರಗಳನ್ನು ಕೇಳಿ. ಮೊದಲು, "ರುಚಿ ಒಬ್ಬೊಬ್ಬರಿಗೆ ಒಂದೊಂದು ಥರ ಮೇಡಂ." ನಾನು ರುಚಿಯ ಮಾತೇ ಆಡಿಲ್ಲ, ಚೀಟಿಯ ಫೋಟೋ ಕಳಿಸಿದ್ದೇನೆ! ಆಮೇಲೆ, "ನಮ್ಮ ಪುಟದಲ್ಲಿ ಒಸೆಟ್ರಾ ಸ್ಟೈಲ್ ಎಂದೇ ಇದೆ." ಹೋಗಿ ನೋಡಿದರೆ ನಿಜವಾಗಲೂ ‘ಸ್ಟೈಲ್’ ಅನ್ನುವುದು ಸೇರಿಕೊಂಡಿದೆ. ನನ್ನ ಆರ್ಡರ್ ಮೇಲ್‌ನಲ್ಲಿ ಅದಿಲ್ಲ. ಮೇಲ್ ಕಳಿಸಿದೆ. ಅದಕ್ಕೆ, "ಡಬ್ಬಿ ತೆರೆದಿದ್ದೀರಿ, ಕೆಡುವ ಪದಾರ್ಥ, ವಾಪಸ್ ಇಲ್ಲ." ತೆರೆಯದೆ ಹೇಗೆ ಗೊತ್ತಾಗಬೇಕು ಸ್ವಾಮಿ? ಅಳಿವಿನಂಚಿನ ಜೀವಿಗಳ ವ್ಯಾಪಾರದ ಮೇಲಿನ ಅಂತರರಾಷ್ಟ್ರೀಯ ಒಪ್ಪಂದ ಸೈಟಿಸ್ ಪ್ರಕಾರ ಡಬ್ಬಿ ಮೇಲೆ ಹಾಕುವ ಕೋಡ್ ಎಲ್ಲಿ ಅಂತ ಕೇಳಿದೆ. "ಅದು ದೊಡ್ಡ ಡಬ್ಬಿ ಮೇಲಿರುತ್ತದೆ, ನಾವು ಸಣ್ಣದಕ್ಕೆ ತುಂಬುತ್ತೇವೆ" ಅಂದರು. ಸೈಟಿಸ್ ಕ್ರಮದಲ್ಲಿ ಮತ್ತೆ ತುಂಬಿದ ಡಬ್ಬಿಗೂ ಕೋಡ್ ಹಾಕಬೇಕು. ಕೊನೆಗೆ ಮುಂದಿನ ಆರ್ಡರ್‌ಗೆ ಶೇ 10 ಕೂಪನ್ ಕೊಡುತ್ತಾರಂತೆ. ಮುಂದಿನ ಆರ್ಡರ್! ಅದಾದ ಮೇಲೆ ಚಾಟ್‌ನಲ್ಲಿ ನನ್ನನ್ನು ಬ್ಲಾಕ್ ಮಾಡಿದರು.

ತರಿಸಲೇಬೇಕಾದರೆ ಡಬ್ಬಿಯ ಮೇಲಿನ ಕೋಡ್‌ನ ಫೋಟೋ ಮೊದಲೇ ಕೇಳಿ. ಹೊರದೇಶದ ಸ್ಟರ್ಜನ್ ಕ್ಯಾವಿಯರ್‌ಗೆ ಅದು ಇರಲೇಬೇಕು. ಮೊದಲ ಮೂರು ಅಕ್ಷರ ಮೀನಿನದ್ದು: ಜಿಯುಇ (GUE) ಅಂದರೆ ಒಸೆಟ್ರಾ ಕೊಡುವ ರಷ್ಯನ್ ಸ್ಟರ್ಜನ್, ಬಿಎಇ (BAE) ಅಂದರೆ ಸೈಬೀರಿಯನ್ ಸ್ಟರ್ಜನ್. ಆಮೇಲೆ ಸಿ (C) ಇದ್ದರೆ ಸಾಕಿದ ಮೀನಿನದ್ದು. ನಂತರ ದೇಶ, ವರ್ಷ, ತಯಾರಿಸಿದ ಘಟಕ, ಲಾಟ್ ನಂಬರ್. ಫೋಟೋ ಕೊಡಲು ಸತಾಯಿಸಿದರೆ ಬಿಟ್ಟುಬಿಡಿ. ‘ಕ್ಯಾಸ್ಪಿಯನ್ ಬೆಲುಗಾ’ (ಇನ್ನೊಂದು ಜಾತಿಯ ಸ್ಟರ್ಜನ್‌ನ ಕ್ಯಾವಿಯರ್) ಕೂಡ ಮಾರುತ್ತಿದ್ದರೆ ಅಲ್ಲಿಂದ ಓಡಿ. ಅದರ ಆಮದನ್ನು ಅಮೆರಿಕ 2005ರಲ್ಲೇ ನಿಲ್ಲಿಸಿದೆ. ಈ ಸೈಟಿನಲ್ಲಿ ಅದೂ ಇತ್ತು!

ಕಡಿಮೆ ಖರ್ಚಿನಲ್ಲಿ ಆಗಬೇಕು ಅಂದರೆ ಇಲ್ಲಿನ ನದಿಗಳ ಪ್ಯಾಡಲ್‌ಫಿಶ್ ಅಥವಾ ಹ್ಯಾಕಲ್‌ಬ್ಯಾಕ್ ಮೀನಿನ ಮೊಟ್ಟೆ ಕೊಳ್ಳಿ, ಇಲ್ಲವೇ ಕೆಂಪು ಸಾಲ್ಮನ್ ಮೊಟ್ಟೆ. ರಷ್ಯನ್ ಅಂಗಡಿಗೆ ಹೋಗಿ ಕಣ್ಣಾರೆ ನೋಡಿ ತನ್ನಿ. ಹೊಸ ವರ್ಷಕ್ಕೆ ಕೆಂಪು ಕ್ಯಾವಿಯರ್ ಅವರ ಮನೆಗಳಲ್ಲೂ ಇದ್ದೇ ಇರುತ್ತದೆ ಅಂತ ಗೆಳತಿ ಆಮೇಲೆ ಹೇಳಿದಳು. ದುಡ್ಡು ಮಾತ್ರ ಕ್ರೆಡಿಟ್ ಕಾರ್ಡ್‌ನಲ್ಲೇ ಕೊಡಿ. ನಾನು ಬ್ಯಾಂಕ್‌ನಲ್ಲಿ ಡಿಸ್ಪ್ಯೂಟ್ (ದುಡ್ಡು ವಾಪಸ್ ಕೊಡಿಸಿ ಅನ್ನುವ ದೂರು) ಹಾಕಿದ್ದೇನೆ. ಮೇಲ್, ಚಾಟ್, ಸ್ಟಿಕರ್ ಕೆಳಗಿನ ಚೀಟಿಯ ಫೋಟೋ ಎಲ್ಲಾ ಕೊಟ್ಟಿದ್ದೇನೆ, ಇನ್ನೂ ತೀರ್ಮಾನ ಆಗಿಲ್ಲ.

ಈಗ ಅದೇ ಡಬ್ಬಿ, ಅದೇ ಚಿತ್ರ ‘ವ್ಯಾಲೆಂಟೈನ್ಸ್ ಡೇ ಆಫರ್’ ಅಂತ ಮತ್ತೆ ಓಡಾಡುತ್ತಿದೆ. ಚಿಪ್ಪಿನ ಚಮಚ ಉಚಿತ ಅಂತ ಕಂಡರೆ ಮುಟ್ಟಲೇಬೇಡಿ. ಅಂದ ಹಾಗೆ, ಆ ಚಮಚವೂ ಪ್ಲಾಸ್ಟಿಕ್.